ದೂರದರ್ಶಕದ ಗಾಜಿನ ಬಿಲ್ಲೆಗೆ ಯಾವ ಅಚ್ಚು ಒಳ್ಳೆಯದು: ಬಳ್ಳಾರಿಯಲ್ಲಿ ನಾಲ್ಕು ವರ್ಷಗಳ ಬಳಕೆಯ ನಂತರ

ಬಳ್ಳಾರಿಯಲ್ಲಿ ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಸಣ್ಣ ವಿದ್ಯುತ್ ಕುಲುಮೆಯಿದೆ. ಪ್ರತಿಫಲನ ದೂರದರ್ಶಕದ ಕನ್ನಡಿಗೆ ಬೇಕಾದ ಗಾಜಿನ ಬಿಲ್ಲೆಗಳನ್ನು ನಾಲ್ಕು ವರ್ಷಗಳಿಂದ ಅದರಲ್ಲಿಯೇ ಎರಕ ಹೊಯ್ಯುತ್ತಿದ್ದೇನೆ. ಹತ್ತೊಂಬತ್ತು ಬಾರಿ ಕುಲುಮೆ ಹಚ್ಚಿದ್ದರ ಫಲವಾಗಿ ಉಜ್ಜಲು ಯೋಗ್ಯವಾದ ಹನ್ನೊಂದು ಬಿಲ್ಲೆಗಳು ದೊರೆತಿವೆ. ಉಳಿದ ಎಂಟರಲ್ಲಿ ಆರು ಕೆಟ್ಟದ್ದು ಅಚ್ಚಿನ ದೋಷದಿಂದ. ಆದ್ದರಿಂದ ಈ ವಿಮರ್ಶೆ ಕುಲುಮೆಯದ್ದಲ್ಲ, ನಾನು ಬಳಸಿ ನೋಡಿದ ಅಚ್ಚಿನ ಸಾಮಗ್ರಿಗಳದ್ದು.

ಎರಕವೆಂದರೂ ಇಲ್ಲಿ ಕರಗಿದ ಗಾಜನ್ನು ಸುರಿಯುವ ಕೆಲಸವಿಲ್ಲ. ಒಂದೇ ಹಾಳೆಯಿಂದ ಕತ್ತರಿಸಿದ 12 ಮಿ.ಮೀ. ದಪ್ಪದ ಕಿಟಕಿ ಗಾಜಿನ ತುಂಡುಗಳನ್ನು ಅಚ್ಚಿನೊಳಗೆ ಜೋಡಿಸಿ, ಸುಮಾರು 820 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಲ್ಲಿಯೇ ಒಂದಾಗಲು ಬಿಡುತ್ತೇನೆ. ಬೇರೆ ಬೇರೆ ಹಾಳೆಗಳ ಗಾಜನ್ನು ಬೆರೆಸಿದರೆ ಅವುಗಳ ಹಿಗ್ಗುವಿಕೆ ಹೊಂದದೆ ಬಿಲ್ಲೆ ಒಡೆಯಬಹುದು. 150 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಬಿಲ್ಲೆಗೆ ಸುಮಾರು 1.1 ಕಿಲೋ ಗಾಜು ಸಾಕು. ಬಿಸಿಗೆ ಕಡಿಮೆ ಹಿಗ್ಗುವ ಬೋರೋಸಿಲಿಕೇಟ್ ಗಾಜಿನ ಆಸೆ ನನಗೂ ಇತ್ತು. ಆದರೆ 820 ಡಿಗ್ರಿಯಲ್ಲಿ ಅದು ಆಗಷ್ಟೇ ಮೆತ್ತಗಾಗಲು ಆರಂಭಿಸುತ್ತದೆ, ಹರಿದು ಅಚ್ಚು ತುಂಬಬೇಕಾದರೆ ಸಾವಿರ ಡಿಗ್ರಿಯನ್ನು ಮೀರಿ ಹೋಗಬೇಕು. ಅದು ನನ್ನ ಕುಲುಮೆಯ ಶಕ್ತಿಗೆ ಮೀರಿದ ಮಾತು.

ಮೊದಲ ಪ್ರಯತ್ನ ಕುಂಬಾರರಿಂದ ತಂದ ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿ ನಡೆಯಿತು. ಗಾಜು ಮಣ್ಣನ್ನು ಕಚ್ಚಿಕೊಂಡು, ತಣಿಯುವಾಗ ಎರಡೂ ಸೀಳಿದವು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಆನಂತರದ ಒಂದೂವರೆ ವರ್ಷ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಬೆಣಚುಕಲ್ಲಿನ ನುಣುಪು ಪುಡಿಯನ್ನು ತೂಕದಲ್ಲಿ ಸಮಸಮ ಬೆರೆಸಿ ಅಚ್ಚು ಮಾಡಿದೆ. ಫಾಲ್ಸ್ ಸೀಲಿಂಗ್ ಕೆಲಸದವರಲ್ಲಿ ಪ್ಲಾಸ್ಟರ್ ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ, ಮನಸ್ಸಿಗೆ ಬಂದ ಆಕಾರವನ್ನು ಅರ್ಧ ಗಂಟೆಯಲ್ಲಿ ಪಡೆಯಬಹುದು. ತೊಂದರೆಯಿರುವುದು ನೀರಿನಲ್ಲಿ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಇಟ್ಟರೆ ಅಚ್ಚಿನ ಮೇಲ್ಮೈ ಒಣಗಿ ಗಣಗಣ ಎನ್ನುತ್ತದೆ, ಒಳಗೆ ಮಾತ್ರ ತೇವ ಹಾಗೆಯೇ ಉಳಿದಿರುತ್ತದೆ. ಆ ಬಿಸಿಲನ್ನು ನಂಬಿ ನಾನು ಎರಡು ಅಚ್ಚುಗಳನ್ನು ಕಳೆದುಕೊಂಡೆ. ಒಳಗಿನ ಉಗಿ ಗೋಡೆಯನ್ನೇ ಸೀಳಿ, ಕರಗಿದ ಗಾಜು ಕುಲುಮೆಯ ನೆಲಕ್ಕೆ ಹರಿಯಿತು. ಬಿಸಿಲಿನಲ್ಲಿ ಒಣಗಿದ ಮೇಲೂ ಪ್ಲಾಸ್ಟರಿನಲ್ಲಿ ರಾಸಾಯನಿಕವಾಗಿ ಬೆಸೆದುಕೊಂಡ ನೀರು ಇದ್ದೇ ಇರುತ್ತದೆ, ಅದು ಹೋಗುವುದು 100 ಡಿಗ್ರಿ ದಾಟಿದ ಮೇಲೆ. ಈ ಹಂತದಲ್ಲಿ ಕುಲುಮೆಯನ್ನು ಹಲವು ಗಂಟೆ ನಿಧಾನವಾಗಿ ಏರಿಸಲೇಬೇಕು. ಇನ್ನೊಂದು ಎಚ್ಚರ 573 ಡಿಗ್ರಿಯ ಆಸುಪಾಸಿನಲ್ಲಿ ಬೇಕು: ಅಲ್ಲಿ ಬೆಣಚಿನ ಹರಳು ತನ್ನ ರಚನೆ ಬದಲಿಸಿ ಏಕಾಏಕಿ ಹಿಗ್ಗುತ್ತದೆ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ತರುತ್ತದೆಂಬುದನ್ನು ಗಣಿ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಪುಡಿ ಬೆರೆಸುವಾಗ ಒಳ್ಳೆಯ ಮಾಸ್ಕ್ ಧರಿಸದವರು ಈ ಅಚ್ಚಿಗೆ ಕೈ ಹಾಕಬಾರದು.

ಮೂರನೆಯದಾಗಿ ಹಗುರ ಜಾತಿಯ ಫೈರ್ ಬ್ರಿಕ್ (ಕುಲುಮೆಯ ಬಿಸಿ ತಾಳುವ ಇಟ್ಟಿಗೆ) ಅನ್ನು ಗರಗಸದಿಂದ ಕೊಯ್ದು, ಅಲ್ಯೂಮಿನಾ ಮತ್ತು ಬಿಳಿ ಜೇಡಿಯನ್ನು ನೀರಿನಲ್ಲಿ ಕಲಸಿ ಬಳಿದು ಉಪಯೋಗಿಸಿದೆ. ಸಾದಾ ಬಿಲ್ಲೆಗೆ ಇದು ಪರವಾಗಿಲ್ಲ. ಸಂದುಗಳಲ್ಲಿ ಗಾಜು ನುಸುಳುವುದೊಂದೇ ಕಿರಿಕಿರಿ. ಆದರೆ ಬಿಲ್ಲೆಯ ತೂಕ ಇಳಿಸಲು ಹಿಂಬದಿಯಲ್ಲಿ ಗುಳಿಗಳನ್ನು ಬಿಡಬೇಕೆಂದು, ಇಟ್ಟಿಗೆಯ ತುಂಡುಗಳನ್ನು ಅಚ್ಚಿನ ತಳಕ್ಕೆ ಫೈರ್ ಸಿಮೆಂಟಿನಿಂದ ಅಂಟಿಸಿದ್ದೆ. ತಣಿದ ಮೇಲೆ ಮುಚ್ಚಳ ತೆಗೆದರೆ ಏಳು ತುಂಡುಗಳಲ್ಲಿ ಮೂರು ಗಾಜಿನ ಮೇಲೆ ತೇಲಿ ನಿಂತಿದ್ದವು. ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು, ಆ ಇಟ್ಟಿಗೆ ನೀರಿಗಿಂತಲೂ ಹಗುರ, ತೇಲದೆ ಇನ್ನೇನಾದೀತು? ಅಮೆರಿಕದ ಪಾಲೊಮಾರ್ ಬೆಟ್ಟದ 200 ಅಂಗುಲದ ದರ್ಪಣಕ್ಕಾಗಿ ಕಾರ್ನಿಂಗ್ ಸಂಸ್ಥೆ 1934ರ ಮಾರ್ಚ್‌ನಲ್ಲಿ ಹೊಯ್ದ ಮೊದಲ ಎರಕದಲ್ಲಿಯೂ ಉಕ್ಕಿನ ಬೋಲ್ಟುಗಳು ಕರಗಿ, ಅಚ್ಚಿನ ಗುಳಿತುಂಡುಗಳು ಕಿತ್ತು ತೇಲಿದ್ದವು, ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೆಯ ಎರಕ ಹೊಯ್ಯಬೇಕಾಯಿತು ಎಂಬುದನ್ನು ಓದಿದ ಮೇಲೆ ನನಗೆ ಸ್ವಲ್ಪ ಸಮಾಧಾನವಾಯಿತು. ಗುಳಿಗಳಿರುವ ಬಿಲ್ಲೆಗೆ ಈಗಲೂ ಪ್ಲಾಸ್ಟರ್ ಅಚ್ಚಿಗೇ ನನ್ನ ಮತ. ಅದರಲ್ಲಿ ಗುಳಿತುಂಡುಗಳು ತಳದೊಡನೆ ಒಂದೇ ಮೈಯಾಗಿರುತ್ತವೆ. ಸುಟ್ಟ ಪ್ಲಾಸ್ಟರ್ ದುರ್ಬಲವಾಗಿರುವುದರಿಂದ ತಣಿಯುವ ಗಾಜನ್ನು ಬಿಗಿಹಿಡಿಯದೆ ತಾನೇ ಪುಡಿಯಾಗುತ್ತದೆ.

ಸಾದಾ ಬಿಲ್ಲೆಗಳಿಗಾಗಿ ಕಳೆದ ಎರಡು ವರ್ಷಗಳಿಂದ ನಾನು ನೆಚ್ಚಿಕೊಂಡಿರುವುದು ಸ್ಟೇನ್‌ಲೆಸ್ ಸ್ಟೀಲ್ ಬಳೆ ಮತ್ತು ಬಿಸಿ ತಾಳುವ ಎಳೆಗಳಿಂದ ಮಾಡಿದ ಸೆರಾಮಿಕ್ ಫೈಬರ್ ಹಲಗೆಯ ಜೋಡಿಯನ್ನು. ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳಿರುವ ನಮ್ಮ ಜಿಲ್ಲೆಯಲ್ಲಿ ಕುಲುಮೆಗಳಿಗೆ ಸಾಮಾನು ಒದಗಿಸುವ ಅಂಗಡಿಗಳಿಗೆ ಕೊರತೆಯಿಲ್ಲ. ಫೈಬರ್ ಹಲಗೆಯ ಕತ್ತರಿಸಿ ಉಳಿದ ತುಂಡುಗಳು ಅಲ್ಲಿ ಅಗ್ಗಕ್ಕೆ ಸಿಗುತ್ತವೆ. ಹಲಗೆ ತಳವಾಗುತ್ತದೆ, 70 ಮಿ.ಮೀ. ಎತ್ತರದ ಬಳೆ ಗೋಡೆಯಾಗುತ್ತದೆ. ಬಿಡಿ ತುಂಡುಗಳು ಕರಗುವ ಮುನ್ನ ಹೆಚ್ಚು ಜಾಗ ಹಿಡಿಯುವುದರಿಂದ ಅಷ್ಟು ಎತ್ತರ ಅವಶ್ಯ. ಬಳೆಯ ಒಳಮೈಗೆ 3 ಮಿ.ಮೀ. ಫೈಬರ್ ಕಾಗದದ ಅಸ್ತರು ಕೊಡುವುದನ್ನು ಎಂದಿಗೂ ಮರೆಯಬಾರದು. ಗಾಜು ಗಟ್ಟಿಯಾಗುವ ಸುಮಾರು 540 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಷ್ಟರಲ್ಲಿ 160 ಮಿ.ಮೀ. ಅಗಲದ ಉಕ್ಕು ಸುಮಾರು 1.4 ಮಿ.ಮೀ. ಕುಗ್ಗಿದರೆ, ಅಷ್ಟೇ ಅಗಲದ ಗಾಜು ಕುಗ್ಗುವುದು ಅದರ ಅರ್ಧದಷ್ಟು ಮಾತ್ರ. ಅಸ್ತರಿಲ್ಲದಿದ್ದರೆ ಬಳೆ ಗಾಜನ್ನು ಹಿಂಡಿ ಒಡೆಯುತ್ತದೆ. ನಾನು ಒಮ್ಮೆ ಅವಸರದಲ್ಲಿ ಒಡೆದುಕೊಂಡಿದ್ದೇನೆ. ಹೊಸ ಹಲಗೆ ಮತ್ತು ಕಾಗದದಲ್ಲಿರುವ ಅಂಟು ಮೊದಲ ಕಾವಿಗೆ ಉರಿದು ಹೊಗೆಯಾಡುವುದರಿಂದ ಗಾಜಿಲ್ಲದೆ ಒಮ್ಮೆ ಖಾಲಿ ಕಾಯಿಸಿಕೊಳ್ಳಬೇಕು. ಹಲಗೆ ಕೊಯ್ಯುವಾಗ ಏಳುವ ಎಳೆಗಳ ಧೂಳಿಗೂ ಮಾಸ್ಕ್ ಬೇಕು.

ಈ ಜೋಡಿಗೆ ಒಂದು ನಿಜವಾದ ಕೊರತೆಯಿದೆ. ಇಟ್ಟಿಗೆಯ ಮತ್ತು ಪ್ಲಾಸ್ಟರಿನ ದಪ್ಪ ಅಚ್ಚುಗಳು ಬಿಸಿಯನ್ನು ತಮ್ಮಲ್ಲಿ ಕೂಡಿಟ್ಟುಕೊಳ್ಳುತ್ತವೆ, ಹಗುರವಾದ ಫೈಬರಿಗೆ ಆ ಗುಣವಿಲ್ಲ. ಗಾಜಿನ ಒಳಗಿನ ಬಿಗಿತ ಕಳೆಯಲು 540 ಡಿಗ್ರಿಯಲ್ಲಿ ಆರು ಗಂಟೆ ನಿಲ್ಲಿಸಿ, ಆಮೇಲೆ ಗಂಟೆಗೆ ಹತ್ತು ಡಿಗ್ರಿಯಂತೆ ಇಳಿಸುತ್ತಿರುವಾಗ ಕರೆಂಟ್ ಹೋದರೆ ಬಿಲ್ಲೆ ಬೇಗ ತಣಿದು ಒಳಗೆ ಬಿಗಿತ ಉಳಿಸಿಕೊಳ್ಳುತ್ತದೆ. ಕಳೆದ ಬೇಸಿಗೆಯಲ್ಲಿ ನಡುರಾತ್ರಿ ಎರಡು ಗಂಟೆ ಕರೆಂಟ್ ಇರಲಿಲ್ಲ. ಬೆಳಗಾದ ಮೇಲೆ ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಬಿಲ್ಲೆಯನ್ನು ಹಿಡಿದು, ಪೋಲರಾಯ್ಡ್ ಕನ್ನಡಕವನ್ನು ಪರದೆ ಕಪ್ಪಾಗುವಂತೆ ತಿರುಗಿಸಿ ನೋಡಿದರೆ, ಕತ್ತಲಾಗಿರಬೇಕಾದ ಗಾಜಿನಲ್ಲಿ ಬೆಳಕಿನ ಪಟ್ಟೆಗಳು ಎದ್ದು ಕಂಡವು. ಅದನ್ನು ಉಜ್ಜದೆ ಮತ್ತೊಮ್ಮೆ ಕಾಯಿಸಿ ಹದಗೊಳಿಸಿದೆ. ಈಗ ಬಳೆಯ ಸುತ್ತ ಹಳೆಯ ಫೈರ್ ಬ್ರಿಕ್‌ಗಳನ್ನು ಸಾಲಾಗಿ ಜೋಡಿಸುತ್ತೇನೆ. ಅಚ್ಚಾಗಿ ಸೋತ ಆ ಇಟ್ಟಿಗೆಗಳು ಬಿಸಿ ಕಾಯುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ.

ಆರು ಅಂಗುಲದ ಒಂದೇ ಒಂದು ಕನ್ನಡಿ ಸಾಕೆನ್ನುವವರು 19 ಮಿ.ಮೀ. ದಪ್ಪದ ಗಾಜನ್ನು ವೃತ್ತಾಕಾರವಾಗಿ ಕೊಯ್ಯಿಸಿಕೊಳ್ಳುವುದೇ ಅಗ್ಗ, ಈ ಯಾವ ಅಚ್ಚೂ ಅವರಿಗೆ ಬೇಡ. ಅದಕ್ಕಿಂತ ದಪ್ಪ ಅಥವಾ ಅಗಲದ ಬಿಲ್ಲೆ ಬೇಕಾದವರಿಗೆ ಬಳೆ ಮತ್ತು ಹಲಗೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ನನ್ನ 304 ದರ್ಜೆಯ ಬಳೆ ಒಂಬತ್ತು ಕಾವುಗಳ ನಂತರ ಎರಡು ಮಿ.ಮೀ.ನಷ್ಟು ಮೊಟ್ಟೆಯಾಕಾರಕ್ಕೆ ತಿರುಗಿದೆ. ಹೆಚ್ಚು ಬಿಸಿ ತಾಳುವ 310 ದರ್ಜೆಯ ತಗಡಿನಲ್ಲಿ ಇನ್ನೊಂದು ಬಳೆಯನ್ನು ಮಾಡಿಕೊಡಲು ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ ಬಂದಿದ್ದೇನೆ.