ವಿಂಡ್ಸರ್, ಲಂಡನ್ ಟವರ್, ಎಡಿನ್‌ಬರ್ಗ್: ಒಂದೇ ಕೋಟೆಗೆ ಪುರಸೊತ್ತಿದ್ದರೆ ಯಾವುದು?

ಅಡಿಕೆ ಕೊಯ್ಲು ಮುಗಿಸಿ ಏಪ್ರಿಲ್, ಮೇ ಹೊತ್ತಿಗೆ ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೊರಡುವವರು ಶಿರಸಿ, ಕುಮಟಾ, ಕಾರವಾರದ ಕಡೆ ಈಗ ಕಡಿಮೆಯೇನಿಲ್ಲ. ರಾಜರ ಕೋಟೆ ಅಂತ ಒಂದನ್ನಾದರೂ ನೋಡಬೇಕು, ಯಾವುದಕ್ಕೆ ಹೋಗುವುದು ಎಂದು ಕೇಳುತ್ತಾರೆ. ಮೂರನ್ನೂ ಸುತ್ತಿದ ಮೇಲೆ ನಾವು ಹೇಳುವುದಿಷ್ಟು: ಹೆಸರು ನೋಡಿ ಆರಿಸಬೇಡಿ, ಹೋಗುವ ವಾರ ಯಾವುದು, ಜೊತೆಗಿರುವವರ ಮಂಡಿ ಹೇಗಿದೆ ಎಂದು ನೋಡಿ ಆರಿಸಿ. ಮಿರ್ಜಾನ್ ಕೋಟೆಯ ಹಾಗೆ ಹೆದ್ದಾರಿಯಿಂದ ಒಳಗೆ ತಿರುಗಿ, ಒಂದು ಸುತ್ತು ಹಾಕಿ ಬರುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾವುದಕ್ಕಾದರೂ ಮೂರು ತಾಸು ಬೇಕು.

ವಯಸ್ಸಾದವರು ಜೊತೆಗಿದ್ದರೆ ನಮ್ಮ ಮೊದಲ ಆಯ್ಕೆ ವಿಂಡ್ಸರ್. ಆದರೆ ಅದು ಮಂಗಳವಾರ, ಬುಧವಾರ ಬಾಗಿಲು ತೆರೆಯುವುದಿಲ್ಲ. ಭಾನುವಾರ ತೆರೆದಿದ್ದರೂ ಕೋಟೆಯೊಳಗಿನ ಚರ್ಚಾದ ಸೇಂಟ್ ಜಾರ್ಜ್ ಚಾಪೆಲ್ ಒಳಗೆ ಪ್ರಾರ್ಥನೆಗೆ ಬಂದವರಿಗೆ ಮಾತ್ರ ಪ್ರವೇಶ. ಕಾವಲುಪಡೆ ಬದಲಾಗುವ ಮೆರವಣಿಗೆ ಸಾಮಾನ್ಯವಾಗಿ ಮಂಗಳ, ಗುರು, ಶನಿವಾರ ಬೆಳಿಗ್ಗೆ 11 ಗಂಟೆಗೆ. ಮಳೆ ಜೋರಾದರೆ ಅದೂ ಇಲ್ಲ. ಇಷ್ಟನ್ನೂ ಹೊಂದಿಸಿದರೆ ಗುರುವಾರ ಮತ್ತು ಶನಿವಾರ ಉಳಿಯುತ್ತವೆ. ಶನಿವಾರ ಜನ ಜಾಸ್ತಿ, ಆದ್ದರಿಂದ ಗುರುವಾರವೇ ಸರಿ. ಅರಮನೆಯ ಕಾರ್ಯಕ್ರಮವಿದ್ದರೆ ಕೋಟೆಯನ್ನೋ ಒಳಗಿನ ಸ್ಟೇಟ್ ಅಪಾರ್ಟ್‌ಮೆಂಟ್ಸ್ ಎಂಬ ದರ್ಬಾರು ಕೋಣೆಗಳನ್ನೋ ಮುಚ್ಚುತ್ತಾರೆ. ಗಾರ್ಟರ್ ಪದವಿಯವರು ಮೆರವಣಿಗೆ ಹೋಗುವ ಜೂನ್‌ನ ಗಾರ್ಟರ್ ಡೇ ಅಂಥದ್ದೊಂದು. ದುಡ್ಡು ಕಟ್ಟುವ ಮೊದಲು ವೆಬ್‌ಸೈಟಿನಲ್ಲಿ ಮುಚ್ಚುವ ದಿನಗಳ ಪಟ್ಟಿ ನೋಡಿಕೊಳ್ಳಿ.

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವಿಂಡ್ಸರ್ ಆ್ಯಂಡ್ ಈಟನ್ ರಿವರ್‌ಸೈಡ್‌ಗೆ ನೇರ ರೈಲಿದೆ, ಹತ್ತಿರ ಹತ್ತಿರ ಒಂದು ತಾಸು. ಪ್ಯಾಡಿಂಗ್‌ಟನ್‌ನಿಂದ ಹೋದರೆ ಬೇಗ, ಆದರೆ ಸ್ಲೌನಲ್ಲಿ ರೈಲು ಬದಲಿಸಬೇಕು. ಲಗೇಜು, ಅಜ್ಜ, ಅಜ್ಜಿ ಎಲ್ಲ ಇದ್ದರೆ ವಾಟರ್‌ಲೂ ದಾರಿಯೇ ನೆಮ್ಮದಿ. ಗೇಟಿನಲ್ಲಿ ವಿಮಾನ ನಿಲ್ದಾಣದ ಥರದ ತಪಾಸಣೆ. ಕವಳದ ಸಂಚಿಯಲ್ಲಿ ಅಡಕತ್ತರಿ, ಚೂರಿ ಇದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಕವಳ ಹಾಕಿಕೊಂಡೇ ಒಳಗೆ ಹೋದರೆ ಉಗಿಯಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆದೀತು.

ಒಳಗೆ ಹೋದ ಹೆಚ್ಚಿನವರು ಕ್ವೀನ್ ಮೇರಿ ಡಾಲ್ಸ್ ಹೌಸಿನ ಸಾಲಿಗೆ ನಿಂತುಬಿಡುತ್ತಾರೆ. 1924ರಲ್ಲಿ ಮುಗಿದ, ಹನ್ನೆರಡರಲ್ಲೊಂದು ಅಳತೆಯ ಆಟಿಕೆ ಮನೆ ಅದು. ಚೆಂದವಿದೆ, ಆದರೆ ಅಲ್ಲೇ ಹೊತ್ತು ಹೋದರೆ ಚಾಪೆಲ್ ತಪ್ಪುತ್ತದೆ. ಚಾಪೆಲ್ಲಿನ ಬಾಗಿಲು ಕೋಟೆಗಿಂತ ಮೊದಲೇ ಮುಚ್ಚುತ್ತದೆ. 2022ರಲ್ಲಿ ಎರಡನೇ ಎಲಿಜಬೆತ್ ರಾಣಿಯನ್ನು ಮಣ್ಣು ಮಾಡಿದ್ದು ಈ ಚಾಪೆಲ್ಲಿನಲ್ಲೇ. ನಮ್ಮ ಕಡೆಯವರು ತಪ್ಪಿಸಬಾರದ ಜಾಗ ಇನ್ನೊಂದಿದೆ: ದೊಡ್ಡ ಮೆಟ್ಟಿಲು ಹತ್ತಿದ ಮೇಲೆ ಸಿಗುವ ಗ್ರ್ಯಾಂಡ್ ವೆಸ್ಟಿಬ್ಯೂಲ್. ಟಿಪ್ಪುವಿನ ಸಿಂಹಾಸನದ ಹುಲಿತಲೆ ಅಲ್ಲಿನ ಗಾಜಿನ ಕಪಾಟಿನಲ್ಲಿದೆ. ಮರದ ಅಚ್ಚಿನ ಮೇಲೆ ಬಂಗಾರದ ತಗಡು ಹೊದೆಸಿ, ಕಣ್ಣಿಗೂ ಹಲ್ಲಿಗೂ ಸ್ಫಟಿಕ ಕೂರಿಸಿದ್ದಾರೆ. ಅದೇ ಸಿಂಹಾಸನದ ಹುಮಾ ಎಂಬ ಪುರಾಣದ ಹಕ್ಕಿಯೂ ಇದೆ, ಮೈತುಂಬ ಹರಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೋದ ಸೊತ್ತು ಇದು. ನಮ್ಮ ಕರಾವಳಿಯೂ ಆ ವರ್ಷವೇ ಬ್ರಿಟಿಷರ ಕೈಸೇರಿದ್ದು. ಸುತ್ತ ನೂರಾರು ಕತ್ತಿ, ಬಂದೂಕು ಇರುವುದರಿಂದ ಕಣ್ಣಿಗೆ ಬೀಳದೆ ದಾಟಿಹೋಗುವವರೇ ಹೆಚ್ಚು. ಫೋಟೊ ತೆಗೆಯುವಂತಿಲ್ಲ. ಟಿಕೆಟ್ ಜೊತೆಗೇ ಬರುವ ಕಿವಿಗೆ ಹಚ್ಚುವ ಗೈಡನ್ನು ಬೇಕಾದಲ್ಲಿ ನಿಲ್ಲಿಸಿ ಮತ್ತೆ ಕೇಳಬಹುದು. ಇಂಗ್ಲಿಷ್ ನಿಧಾನವಾಗಿ ತಿಳಿಯುವವರಿಗೆ ಇದೊಂದು ದೊಡ್ಡ ಅನುಕೂಲ.

ಲಂಡನ್ ಟವರ್‌ಗೆ ಹೋಗುವುದು ಸಲೀಸು, ಟವರ್ ಹಿಲ್ ಮೆಟ್ರೊ ಇಳಿದರೆ ಎದುರಿಗೇ. ಮಂಗಳವಾರವೋ ಬುಧವಾರವೋ ಮಾತ್ರ ಬಿಡುವಿದ್ದರೆ ಇದಕ್ಕೇ ಹೋಗಿ. ಜನ ಹೋಗುವುದು ಕೊಹಿನೂರ್‌ಗಾಗಿ: 105.6 ಕ್ಯಾರಟ್, ರಾಜಮಾತೆಯ ಕಿರೀಟದಲ್ಲಿ ಕೂತಿದೆ. ಬಾಗಿಲು ತೆರೆದ ಕೂಡಲೇ ಬೇರೇನನ್ನೂ ನೋಡದೆ ಕಿರೀಟಗಳಿರುವ ಜ್ಯುವೆಲ್ ಹೌಸಿಗೆ ನಡೆಯಿರಿ, ಹೊತ್ತೇರಿದ ಮೇಲೆ ಸಾಲು ಅಂಗಳದವರೆಗೆ ಬೆಳೆಯುತ್ತದೆ. ಕಿರೀಟಗಳ ಪಕ್ಕ ಚಲಿಸುವ ಪಟ್ಟಿಯ ಮೇಲೆ ನಿಂತು ಸಾಗಬೇಕು, ಕ್ಷಣದಲ್ಲಿ ಮುಗಿದುಹೋಗುತ್ತದೆ. ಜನ ಕಡಿಮೆಯಿದ್ದರೆ ಹಿಂದೆ ಬಂದು ಇನ್ನೊಂದು ಸಲ ಹತ್ತಬಹುದು, ಯಾರೂ ಬೇಡವೆನ್ನುವುದಿಲ್ಲ. ಕೆಂಪು ಅಂಚಿನ ಅಂಗಿಯ ಕಾವಲುಗಾರರು ನಡೆಸುವ ಪುಕ್ಕಟೆ ಟೂರ್ ರಸವತ್ತಾಗಿದೆ, ಆದರೆ ಮಾತಿನ ವೇಗ ಮತ್ತು ಜೋಕು ಅರ್ಧ ಜನಕ್ಕೆ ದಕ್ಕುವುದಿಲ್ಲ. ನಡುವಿನ ಹಳೆಯ ಕಟ್ಟಡ ವೈಟ್ ಟವರಿನ ಸುರುಳಿ ಮೆಟ್ಟಿಲು ಇಕ್ಕಟ್ಟು. ಮಂಡಿನೋವಿನವರು ಹೊರಗೆ ಬೆಂಚಿನ ಮೇಲೆ ಕೂತು ಕಾಗೆ ನೋಡುವುದೇ ಲೇಸು.

ಎಡಿನ್‌ಬರ್ಗ್ ನೋಟಕ್ಕೆ ಮೂರರಲ್ಲೂ ಮೇಲು, ಟಿಕೆಟ್ಟೂ ಅಗ್ಗ. 2025ರಲ್ಲಿ ಅದು 20 ಪೌಂಡಿನ ಆಸುಪಾಸು. ವಿಂಡ್ಸರ್, ಟವರ್ ಎರಡೂ 30 ದಾಟಿದ್ದವು. ಆದರೆ ಲಂಡನ್ನಿನಿಂದ ರೈಲಿನಲ್ಲೇ ನಾಲ್ಕೂವರೆ ತಾಸು. ಬೆಳಿಗ್ಗೆ ಹೋಗಿ ರಾತ್ರಿ ಬರುವ ಹುಚ್ಚಿಗೆ ಬೀಳಬೇಡಿ, ಅಲ್ಲೇ ಉಳಿಯುವುದಾದರೆ ಮಾತ್ರ ಹೋಗಿ. ಸತ್ತ ಜ್ವಾಲಾಮುಖಿಯ ಬಂಡೆ ಮೇಲಿನ ಕೋಟೆಯಾದ್ದರಿಂದ ಎಲ್ಲ ಕಡೆ ಏರು. ಸವೆದ ಕಲ್ಲುಹಾಸು ಮಳೆಗೆ ಜಾರುತ್ತದೆ. ಲ್ಯಾಂಗ್ ಸ್ಟೇರ್ಸ್ ಎಂಬ 70 ಮೆಟ್ಟಿಲು ಬಿಟ್ಟು ಬಳಸುದಾರಿ ಹಿಡಿದರೆ ಉಸಿರು ಉಳಿಯುತ್ತದೆ. ಹಳೆಯ ಪುಸ್ತಕ ನೋಡಿ, ರಾಜರ ಪಟ್ಟಾಭಿಷೇಕದ ಕಲ್ಲಾದ ಸ್ಟೋನ್ ಆಫ್ ಡೆಸ್ಟಿನಿ ಹುಡುಕಬೇಡಿ, 2024ರಲ್ಲಿ ಅದು ಪರ್ತ್ ಮ್ಯೂಸಿಯಮ್ಮಿಗೆ ಹೋಯಿತು. ಸ್ಕಾಟ್ಲೆಂಡಿನ ಕಿರೀಟ, 1449ರ ಮಾನ್ಸ್ ಮೆಗ್ ಫಿರಂಗಿ ಅಲ್ಲೇ ಇವೆ. ಮಧ್ಯಾಹ್ನ 1 ಗಂಟೆಗೆ ತೋಪು ಹಾರಿಸುತ್ತಾರೆ, 1861ರಿಂದ ಬಂದ ಪದ್ಧತಿ, ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ದಿನ ಮಾತ್ರ ಇಲ್ಲ. ಹನ್ನೊಂದರ ಹೊತ್ತಿನ ಟಿಕೆಟ್ ಹಿಡಿದರೆ ಕಿರೀಟ ನೋಡಿ ಮುಗಿಸಿ, 12.40ಕ್ಕೆ ತೋಪಿನ ಮುಂದೆ ಜಾಗ ಹಿಡಿಯಬಹುದು. ಕಾರವಾರದ ಮಳೆ ಕಂಡವರಿಗೆ ಅಲ್ಲಿನ ಮಳೆ ಲೆಕ್ಕಕ್ಕಿಲ್ಲ. ಗಾಳಿ ಮಾತ್ರ ಕೊಡೆಯನ್ನು ತಿರುಚಿ ಹಾಕುತ್ತದೆ. ಕೊಡೆ ಬಿಟ್ಟು, ಟೊಪ್ಪಿಗೆಯಿರುವ ರೇನ್‌ಕೋಟ್ ಒಯ್ಯಿರಿ.