ಬ್ಯಾಂಕಾಕ್ ಬೀದಿಯಲ್ಲಿ ಕುಕಿ ಕೊಳ್ಳುವ ಮುಂಚೆ ಇದನ್ನು ಓದಿ

ಮನೆಯ ಹಿರಿಯರನ್ನೋ ಮಕ್ಕಳನ್ನೋ ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಅಲ್ಲಿನ ಬೀದಿ ತಿಂಡಿ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ತಿನ್ನಲೇಬೇಕು, ಅಷ್ಟು ಚೆನ್ನಾಗಿರುತ್ತದೆ. ಆದರೆ ಕೆಲವು ಗಾಡಿಗಳಲ್ಲಿ ಸಿಗುವ ಕುಕಿ, ಬ್ರೌನಿ, ಜೆಲ್ಲಿಗಳಲ್ಲಿ ಗಾಂಜಾ ಇರುತ್ತದೆ. ಮಾರುವವರು ತಾವಾಗಿ ಹೇಳುತ್ತಾರೆ ಅಂತ ನಂಬಿ ಕೂರಬೇಡಿ. ನಮ್ಮ ಚಿಕ್ಕಮ್ಮನಿಗೆ ಯಾರೂ ಹೇಳಲಿಲ್ಲ.

ಚಿಕ್ಕಮ್ಮನಿಗೆ ಅರವತ್ತು ದಾಟಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಖಾವೋಸಾನ್ ರಸ್ತೆಯ ಪಕ್ಕದ ರಾಮ್‌ಬುತ್ರಿ ಓಣಿಯಲ್ಲಿ ಸಂಜೆ ಸುತ್ತುತ್ತಿದ್ದೆವು. ಒಂದು ತಳ್ಳುಗಾಡಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಕುಕಿ ಜೋಡಿಸಿಟ್ಟಿದ್ದರು. ಮೊಟ್ಟೆ ಇದೆಯಾ ಅಂತ ಕೇಳಿದೆ. ಇಲ್ಲ ಅಂದರು. ಮಾಂಸ, ಕೊಬ್ಬು? ಅದೂ ಇಲ್ಲ, ಎಲ್ಲ ಗಿಡಮೂಲಿಕೆ, ರಾತ್ರಿ ಒಳ್ಳೆ ನಿದ್ದೆ ಬರುತ್ತದೆ ಅಂತ ನಗುತ್ತಾ ಕಟ್ಟಿಕೊಟ್ಟರು. ಐದು ಬೆರಳಿನ ಹಾಗೆ ಚಾಚಿಕೊಂಡ ಗಾಂಜಾ ಎಲೆಯ ಚಿತ್ರ ಗಾಡಿಯ ಮೇಲೆ ಇತ್ತು. ಆದರೆ ಅದನ್ನು ಅಂಟಿಸಿದ್ದು ಗಾಡಿಯ ಹಿಂಬದಿಗೆ, ಕೊಳ್ಳುವವರಿಗೆ ಕಾಣದ ಕಡೆ. ಮರುದಿನ ಅದೇ ದಾರಿಯಲ್ಲಿ ಹಾದಾಗ ಕಣ್ಣಿಗೆ ಬಿತ್ತು.

ತಿಂದ ಒಂದು ಗಂಟೆ ಏನೂ ಆಗಲಿಲ್ಲ. ಹೋಟೆಲಿಗೆ ಬಂದು ಚಿಕ್ಕಮ್ಮ ಕಾಲು ತೊಳೆದು ಮಂಚದ ಮೇಲೆ ಕೂತರು. ಬಾಯಿ ಒಣಗುತ್ತಿದೆ ಅಂತ ನೀರು ಕೇಳಿದರು. ಆಮೇಲೆ ಎದೆ ಡವಡವ ಅಂತಿದೆ ಅಂದರು. ನೆಲ ಓಡುತ್ತಿದೆ ಅಂತ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಾಗಿಲು ಹಾಕಿದ್ದೀಯಾ ಅಂತ ಕೇಳುತ್ತಾರೆ, ಹಾಕಿದ್ದೇನೆ ಅಂತೀನಿ, ಅರೆಕ್ಷಣಕ್ಕೆ ಮತ್ತೆ ಅದೇ ಪ್ರಶ್ನೆ. ಕಣ್ಣು ಕೆಂಪಗಾಗಿತ್ತು. ಅಷ್ಟು ಗಟ್ಟಿ ಹೆಂಗಸು ನಾನು ಸಾಯ್ತೀನಿ ಕಣೇ ಅಂತ ಅಳುವುದನ್ನು ನಾನು ಮೊದಲು ಕಂಡಿರಲಿಲ್ಲ. ನಮಗೆ ತಲೆಗೆ ಬಂದದ್ದು ಪಾರ್ಶ್ವವಾಯು. ಕೆಳಗೆ ಫೋನ್ ಮಾಡಿದಾಗ ಬಂದ ಹುಡುಗ ಅವರ ಮುಖ ನೋಡಿದವನೇ ಕೇಳಿದ, ಕುಕಿ ತಿಂದರಾ?

ಅವನಿಗೆ ಇದು ಹೊಸದಲ್ಲ, ನೋಡಿ. ನನಗೆ ಇವತ್ತಿಗೂ ಸಿಟ್ಟು ಬರುವುದು ಅಲ್ಲೇ. ಹೋಟೆಲಿನ ಹುಡುಗನಿಗೆ ಗೊತ್ತಿದೆ, ಆಸ್ಪತ್ರೆಯವರಿಗೆ ಗೊತ್ತಿದೆ, ಮಾರುವವರಿಗಂತೂ ಗೊತ್ತೇ ಇದೆ. ತಿನ್ನುವವರಿಗೆ ಮಾತ್ರ ಗೊತ್ತಿಲ್ಲ.

ಅಲ್ಲಿ ಇದು ಹೀಗೆ ಬೀದಿಗೆ ಬಂದದ್ದು ಹೇಗೆ ಅಂತ ಸ್ವಲ್ಪ ತಿಳಿದಿರಲಿ. 2022ರ ಜೂನ್ 9ರಂದು ಥಾಯ್ಲೆಂಡ್ ಸರ್ಕಾರ ಗಾಂಜಾ ಗಿಡವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಏಷ್ಯಾದಲ್ಲಿ ಹೀಗೆ ಮಾಡಿದ ಮೊದಲ ದೇಶ ಅದು. ಹೇಳಿದ ಉದ್ದೇಶ ಔಷಧಿ ಮತ್ತು ರೈತರ ಆದಾಯ. ಆದರೆ ಮಾರಾಟವನ್ನು ಪೂರ್ತಿ ಹಿಡಿತದಲ್ಲಿಡುವ ಕಾನೂನು ಜೊತೆಗೆ ಬರಲಿಲ್ಲ. ನೋಡನೋಡುತ್ತಾ ಸಾವಿರಾರು ಅಂಗಡಿಗಳು ಎದ್ದವು. ಹಸಿರು ದೀಪದ ಎಲೆ ಎಲ್ಲ ಬೀದಿಯಲ್ಲೂ ಉರಿಯತೊಡಗಿತು. 2025ರ ಜೂನ್ ಕೊನೆಗೆ ಸರ್ಕಾರ ಹಗ್ಗ ಬಿಗಿ ಮಾಡಿತು. ಈಗ ಗಾಂಜಾ ಹೂವನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿ ತೊಂದರೆ ಕೊಟ್ಟರೆ 25,000 ಬಾತ್ ವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಇರಬಹುದು. ಕಾನೂನಿನಲ್ಲಿ ಇದೆಲ್ಲ ಸರಿಯಾಗಿದೆ. ರಾತ್ರಿ ಎಂಟು ಗಂಟೆಗೆ ತಳ್ಳುಗಾಡಿಯಲ್ಲಿ ಡಬ್ಬಿ ಇಟ್ಟುಕೊಂಡು ನಿಂತವರನ್ನು ಕೇಳುವವರು ಯಾರು?

ಅಲ್ಲಿನ ಅಡುಗೆಗೆ ಈ ಎಲೆ ಹೊಸದೇನಲ್ಲ ಅನ್ನುವುದೂ ನಿಜ. ಹಳೆಯ ಕಾಲದಿಂದ ನೂಡಲ್ ಸಾರಿಗೆ ರುಚಿಗೆ ಅಂತ ಒಂದೆರಡು ಎಲೆ ಹಾಕುವ ರೂಢಿ ಇತ್ತು. ಎಲೆಯಲ್ಲಿ ಅಮಲಿನ ಅಂಶ ತುಂಬಾ ಕಡಿಮೆ. ಹೂವಿನಲ್ಲಿ, ಹೂವಿನಿಂದ ತೆಗೆದ ಎಣ್ಣೆ ಬೆಣ್ಣೆಯಲ್ಲಿ ಅದು ಜಾಸ್ತಿ. ಸಿಹಿ ತಿಂಡಿಗೆ ಹಾಕುವುದು ಈ ಎರಡನೆಯದನ್ನು. ಯಾವ ಕುಕಿಯಲ್ಲಿ ಎಷ್ಟಿದೆ ಅಂತ ಮಾಡಿದವರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಒಂದೇ ತಟ್ಟೆಯ ಒಂದು ತುಂಡಿನಲ್ಲಿ ಚೂರು, ಇನ್ನೊಂದರಲ್ಲಿ ಅದರ ಹಲವು ಪಟ್ಟು ಇರಬಹುದು.

ನಮ್ಮಲ್ಲಿ ಕೆಲವರು, ಅಯ್ಯೋ ಶಿವರಾತ್ರಿಗೆ ಭಂಗಿ ಸೇದಿದವರು ನಾವು, ಇದೇನು ಮಹಾ ಅಂತಾರೆ. ಅವರಿಗೆ ಒಂದು ಮಾತು. ಗಾಂಜಾ ಸೇದಿದರೆ ಕೆಲವೇ ನಿಮಿಷದಲ್ಲಿ ಏರುತ್ತದೆ, ಸಾಕು ಅನಿಸಿದರೆ ನಿಲ್ಲಿಸಬಹುದು. ತಿಂದರೆ ಹಾಗಲ್ಲ. ಹೊಟ್ಟೆಯಿಂದ ಯಕೃತ್ತಿಗೆ ಹೋಗಿ ಅಲ್ಲಿ ಇನ್ನೂ ಜೋರಾದ ರೂಪಕ್ಕೆ ಬದಲಾಗುತ್ತದೆ. ಏರುವುದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏರಿದ್ದು ಆರೆಂಟು ಗಂಟೆ ಇಳಿಯುವುದಿಲ್ಲ, ಕೆಲವರಿಗೆ ಅದಕ್ಕಿಂತ ಜಾಸ್ತಿ. ಗೊತ್ತಿದ್ದೇ ತಿನ್ನುವವರು ಕೂಡ ಏನೂ ಆಗಲಿಲ್ಲವಲ್ಲ ಅಂತ ಇನ್ನೊಂದು ತಿಂದು ಆಸ್ಪತ್ರೆ ಸೇರುವುದು ಈ ಕಾರಣಕ್ಕೇ. ಹೃದಯದ ತೊಂದರೆ, ಬಿಪಿ ಇರುವ ಹಿರಿಯರಿಗೆ ಎದೆಬಡಿತ ಏರುವುದು, ನಿಂತ ತಕ್ಷಣ ಬಿಪಿ ಬಿದ್ದು ಕುಸಿಯುವುದು ಎರಡೂ ಅಪಾಯ. ಪುಟ್ಟ ಮಕ್ಕಳ ವಿಷಯ ಇನ್ನೂ ಕಷ್ಟ. ಆ ಜೆಲ್ಲಿಗಳು ಕರಡಿ ಮರಿಯ ಆಕಾರದಲ್ಲಿ, ಬಣ್ಣ ಬಣ್ಣದ ಪೊಟ್ಟಣದಲ್ಲಿ ಇರುತ್ತವೆ. ಮಗು ಒಂದು ತಿಂದು ಸುಮ್ಮನಾಗುವುದಿಲ್ಲ ಅಲ್ವಾ? ಮಕ್ಕಳಿಗೆ ಎಚ್ಚರ ತಪ್ಪಿ ಉಸಿರಾಟವೇ ನಿಧಾನವಾಗಬಹುದು.

ಹಾಗಾದರೆ ಏನು ತಿನ್ನುವುದು? ನಾನು ಹಿಡಿದ ನಿಯಮ ಒಂದೇ. ಕಣ್ಣೆದುರು ಒಲೆಯ ಮೇಲೆ ಮಾಡಿಕೊಡುವುದನ್ನು ತಿನ್ನಿ. ಮೊದಲೇ ಮಾಡಿ ಡಬ್ಬಿಯಲ್ಲೋ ಬಾಟಲಿಯಲ್ಲೋ ತುಂಬಿಟ್ಟದ್ದನ್ನು ಗೊತ್ತಿಲ್ಲದ ಗಾಡಿಯಲ್ಲಿ ಕೊಳ್ಳಬೇಡಿ. ಯಾವರಾತ್ ಅನ್ನುವ ಚೀನಿ ಪೇಟೆಗೆ ಸಂಜೆ ಹೋಗಿ. ಖನೊಂ ಕ್ರೋಕ್ ಅಂತ ಮಾಡುತ್ತಾರೆ, ನಮ್ಮ ಪಡ್ಡಿನ ಹಂಚಿನಂಥದ್ದೇ ಗುಳಿಗಳಿಗೆ ಅಕ್ಕಿ ಹಿಟ್ಟು, ತೆಂಗಿನ ಹಾಲು ಹೊಯ್ದು ಬೇಯಿಸುವುದು. ಅಂಚು ಗರಿಗರಿ, ನಡುವೆ ಮೆತ್ತಗೆ. ಬಿಸಿಯಲ್ಲೇ ಬಾಯಿಗೆ ಹಾಕಿಕೊಂಡರೆ ನಾಲಿಗೆ ಸುಡುತ್ತದೆ, ಆದರೂ ಕೈ ನಿಲ್ಲುವುದಿಲ್ಲ. ಮಾವಿನ ಹಣ್ಣಿನ ಜೊತೆ ಅಂಟಕ್ಕಿ ಅನ್ನ, ಕಣ್ಣೆದುರೇ ಹೆಚ್ಚಿಕೊಡುವ ಪೇರಲೆ, ಇವುಗಳ ಬಗ್ಗೆ ಚಿಂತೆ ಬೇಡ. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಅದನ್ನು ಜೇ ಅಂತಾರೆ, ನೋಡಲು 17 ಬರೆದ ಹಾಗೆ ಕಾಣುತ್ತದೆ. ಅಲ್ಲಿ ಮೀನಿನ ಸಾರದ ನಾಮ್‌ಪ್ಲಾ ಹಾಕುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಬೇರೆ ಕಡೆ ಬರೀ ತರಕಾರಿ ಅಂದರೂ ನಾಮ್‌ಪ್ಲಾ ಇದ್ದೇ ಇರುತ್ತದೆ.

ಅನುಮಾನ ಬಂದರೆ ಬಾಯಿಬಿಟ್ಟು ಹೇಳಿ. ಗಾಂಜಾಕ್ಕೆ ಅವರು ಕನ್‌ಚಾ ಅಂತಾರೆ. ಕನ್‌ಚಾ ಇದೆಯಾ ಅಂತ ಕೇಳಿದರೆ ನಿಮಗೆ ಬೇಕು ಅಂತಲೇ ತಿಳಿದುಕೊಳ್ಳಬಹುದು. ಬದಲಿಗೆ ಮಾಯ್ ಆವ್ ಕನ್‌ಚಾ ಅನ್ನಿ, ಅಂದರೆ ನನಗೆ ಗಾಂಜಾ ಬೇಡ. ಹ್ಯಾಪಿ, ಸ್ಪೆಷಲ್, ಹರ್ಬಲ್ ಅಂತ ಬರೆದ ಶೇಕ್, ಪಿಜ್ಜಾ, ಕೇಕುಗಳ ಹತ್ತಿರ ಹೋಗಬೇಡಿ. ಕಾಂಬೋಡಿಯಾ, ಲಾವೋಸ್‌ಗಳಲ್ಲೂ ಹ್ಯಾಪಿ ಅಂದರೆ ಇದೇ, ಅಲ್ಲಂತೂ ಅದು ಕಾನೂನಿಗೇ ವಿರುದ್ಧ. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಕಂದು ಹಸಿರು ಬಣ್ಣದ ಕಷಾಯ ಕಂಡರೆ ಅದು ಕ್ರಟೋಮ್ ಎಲೆಯದ್ದಿರಬಹುದು. 2021ರಿಂದ ಅಲ್ಲಿ ಅದಕ್ಕೆ ಅನುಮತಿ ಇದೆ. ಅದೂ ಅಮಲಿನದ್ದೇ, ಕಬ್ಬಿನ ಹಾಲು ಅಂದುಕೊಂಡು ಮಕ್ಕಳಿಗೆ ಕುಡಿಸಬೇಡಿ.

ಅಕಸ್ಮಾತ್ ತಿಂದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಒಬ್ಬರನ್ನೇ ಬಿಡಬೇಡಿ, ಬಚ್ಚಲಿಗೂ ಜೊತೆಗೆ ಹೋಗಿ. ಮಂಪರು ಇದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಮಕ್ಕಳು, ಗರ್ಭಿಣಿಯರು, ಹೃದಯದ ತೊಂದರೆ ಇರುವವರಾದರೆ ಕಾಯಬೇಡಿ, 1669ಕ್ಕೆ ಕರೆ ಮಾಡಿ, ಅದು ಅಲ್ಲಿನ ಆಂಬುಲೆನ್ಸ್. ಪ್ರವಾಸಿಗರ ಪೊಲೀಸ್ ನಂಬರ್ 1155. ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ ಗಾಂಜಾ ಇರಬೇಕು ಬಿಡು ಅಂತ ಸುಮ್ನೆ ಕೂರಬೇಡಿ, ಅದು ನಿಜವಾಗಿ ಪಾರ್ಶ್ವವಾಯು ಇರಬಹುದು. ಉಳಿದ ತುಂಡನ್ನು, ಕವರನ್ನು ಡಾಕ್ಟರಿಗೆ ತೋರಿಸಿ. ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಚಿಕ್ಕಮ್ಮನಿಗೆ ಇಸಿಜಿ ಮಾಡಿದರು, ಸಕ್ಕರೆ ನೋಡಿದರು, ಸಲೈನ್ ಹಾಕಿ ರಾತ್ರಿಯಿಡೀ ಇಟ್ಟುಕೊಂಡರು. ಇದಕ್ಕೆ ಬೇರೆ ಮದ್ದಿಲ್ಲ, ತಾನಾಗಿ ಇಳಿಯಬೇಕು. ಬೆಳಗ್ಗೆ ಅವರು ಎದ್ದು ಹಲ್ಲುಜ್ಜಿ ಕಾಫಿ ಕೇಳಿದಾಗ ನಮಗೆ ಜೀವ ಬಂತು.

ಇನ್ನು ವಾಪಸ್ ಬರುವವರಿಗೆ. ಬ್ಯಾಂಕಾಕ್ ಅಂಗಡಿಯಲ್ಲಿ ಬಿಲ್ ಹಾಕಿ ಕೊಟ್ಟ ಜೆಲ್ಲಿ ಪೊಟ್ಟಣವನ್ನೂ ಬ್ಯಾಗಿಗೆ ಹಾಕಬೇಡಿ, ಗೆಳೆಯರಿಗೆ ಅಂತಲೂ ಬೇಡ. ಬ್ಯಾಂಕಾಕ್‌ನಿಂದ ತಂದ ಹೈಡ್ರೋ ಗಾಂಜಾ, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಿಡಿದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಅಲ್ಲಿ ಕಸ್ಟಮ್ಸ್‌ನವರಿಗೆ ಆ ವಿಮಾನಗಳ ಮೇಲೆ ಕಣ್ಣಿದ್ದೇ ಇರುತ್ತದೆ. ಮಾದಕ ವಸ್ತು ತಡೆಯುವ ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಒಂದು ಕಿಲೋವರೆಗಿನ ಗಾಂಜಾಕ್ಕೂ ಒಂದು ವರ್ಷದವರೆಗೆ ಜೈಲು ಆಗಬಹುದು, 20 ಕಿಲೋ ದಾಟಿದರೆ ಕನಿಷ್ಠ ಹತ್ತು ವರ್ಷ. ಸಿಂಗಾಪುರದ ಮೇಲೆ ಬರುವವರು ಇನ್ನೂ ಹುಷಾರು. ಅಲ್ಲಿ 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಿಸಿದವರಿಗೆ ಮರಣದಂಡನೆ ಇದೆ. ಪರಿಚಯದವರೇ ಆಗಲಿ, ತಿಂಡಿ ಪೊಟ್ಟಣ ಊರಿಗೆ ತಲುಪಿಸಿ ಅಂತ ಕೈಗಿಟ್ಟರೆ ಖಡಾಖಂಡಿತವಾಗಿ ಇಲ್ಲ ಅನ್ನಿ.

ವಿಮೆ ಇದ್ದವರಿಗೆ ಇನ್ನೊಂದು ವಿಷಯ. ಅಮಲಿನಿಂದ ಆದ ತೊಂದರೆಗೆ ಹಣ ಕೊಡುವುದಿಲ್ಲ ಅನ್ನುವ ಷರತ್ತು ಬಹಳಷ್ಟು ಪ್ರವಾಸ ವಿಮೆಗಳಲ್ಲಿ ಇರುತ್ತದೆ. ನಮ್ಮ ಕ್ಲೇಮನ್ನು ಅದೇ ಕಾರಣ ಹೇಳಿ ತಡೆಹಿಡಿದಿದ್ದಾರೆ. ಆಸ್ಪತ್ರೆ ಬಿಡುವಾಗ, ತಿಳಿಯದೆ ತಿಂದದ್ದು ಅನ್ನುವ ಸಾಲನ್ನು ಡಿಸ್ಚಾರ್ಜ್ ಪತ್ರದಲ್ಲಿ ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ನಾವು ಊರಿಗೆ ಬಂದ ಮೇಲೆ, ಆ ಒಂದು ಸಾಲು ಸೇರಿಸಿಕೊಡಿ ಅಂತ ಆಸ್ಪತ್ರೆಗೆ ಮೇಲ್ ಮಾಡಿ ಕೇಳುತ್ತಲೇ ಇದ್ದೇವೆ, ಇನ್ನೂ ಉತ್ತರ ಬಂದಿಲ್ಲ.