ಬಾಲ್ಕನಿಯ ಕೆಂಪು ದಾಸವಾಳ: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಗಿಡಕ್ಕೆ ಹತ್ತುವ ಹಿಟ್ಟು ತಿಗಣೆ (ಮೀಲಿಬಗ್) ಎಂಬ ಬಿಳಿ ಹುಳದ ಕಾಟಕ್ಕೆ.

ನಾವಿರುವುದು ಮುಂಬಯಿಯ ಮುಲುಂಡಿನಲ್ಲಿ, ಊರು ಕುಂದಾಪುರ ಕಡೆ. ಗಿಡ ಇರುವುದು ಬಾಲ್ಕನಿಯ ಗ್ರಿಲ್ ಒಳಗೆ, 12 ಇಂಚಿನ ಕುಂಡದಲ್ಲಿ. ಇಲ್ಲಿನ ನರ್ಸರಿಗೆ ಹೋದರೆ 'ಗಾವಠೀ ಜಾಸ್ವಂದ್' ಎಂದೇ ಕೇಳಿ, ಮರಾಠಿಯಲ್ಲಿ ನಾಟಿ ದಾಸವಾಳ ಎಂದರ್ಥ. ಇಲ್ಲದಿದ್ದರೆ ಹಳದಿ, ಕಿತ್ತಳೆ ಬಣ್ಣದ ಹೈಬ್ರಿಡ್ ಗಿಡ ಕೈಗಿಡುತ್ತಾರೆ. ಅದರ ಹೂವು ತಟ್ಟೆಯಷ್ಟಗಲ, ನೋಡಲು ಚೆಂದ. ಆದರೆ ತಲೆಗೆ, ಅಡುಗೆಗೆ, ಗಣಪತಿಗೆ ಮೂರಕ್ಕೂ ನನಗೆ ಒಪ್ಪಿಗೆಯಾದದ್ದು ಐದೆಸಳಿನ ನಾಟಿ ಕೆಂಪು ದಾಸವಾಳವೇ.

ಎಲ್ಲರೂ ಹೂವನ್ನು ಹೊಗಳುತ್ತಾರೆ. ನಮ್ಮ ಮನೆಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಎಲೆ. ಒಂದೆರಡು ಹಿಡಿ ಎಲೆಯನ್ನು ತೊಳೆದು, ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಕೈಯಲ್ಲೇ ಕಿವುಚಬೇಕು. ಮೊದಲು ಬರೀ ಹಸಿರು ನೀರು. ಆಮೇಲೆ ನಿಧಾನವಾಗಿ ಮಂದವಾಗಿ, ಬೆರಳ ಸಂದಿಯಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಅದೇ ಗೊಂಪು. ಬಟ್ಟೆಯಲ್ಲಿ ಸೋಸುವುದನ್ನು ಮರೆಯಬೇಡಿ, ಎಲೆಯ ಚೂರು ಕೂದಲಿಗೆ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ತಲೆಗೆ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆದರೆ ಸಾಕು. ನೊರೆ ಬರುವುದಿಲ್ಲ, ಆದರೂ ಹಗುರವಾಗಿ ಹಚ್ಚಿದ ಎಣ್ಣೆ ಹೋಗುತ್ತದೆ. ಕೂದಲು ಎಷ್ಟು ಮೆತ್ತಗಾಗುತ್ತದೆ ಎಂದರೆ ಬಾಚಣಿಗೆ ಎಲ್ಲೂ ತಡೆಯುವುದಿಲ್ಲ. ಲೋಕಲ್ ಟ್ರೇನಿನ ಧೂಳು, ಬೆವರಲ್ಲಿ ಓಡಾಡುವವರಿಗೆ ಇದು ದೊಡ್ಡ ಸುಖ.

ಅಂಗಡಿಯ ದಾಸವಾಳದ ಪುಡಿಯನ್ನೂ ಬಳಸಿ ನೋಡಿದ್ದೇನೆ. ಲೋಳೆ ಅಷ್ಟಕ್ಕಷ್ಟೇ, ತಲೆಯಲ್ಲಿ ಮಣ್ಣಿನ ಹಾಗೆ ಉಳಿಯುತ್ತದೆ. ತಾಜಾ ಎಲೆಗೆ ಅದು ಸಾಟಿಯಲ್ಲ.

ಕೂದಲು ಉದುರುವುದು ನಿಲ್ಲುತ್ತದಾ? ನನ್ನ ಅನುಭವದಲ್ಲಿ ಇಲ್ಲ. ಇಲಿಗಳ ಮೇಲಿನ ಪ್ರಯೋಗದಲ್ಲಿ ಎಲೆಯ ಸಾರದಿಂದ ಕೂದಲು ಉದ್ದ ಬೆಳೆದದ್ದು ಕಂಡಿದೆ, ಮನುಷ್ಯರಲ್ಲಿ ಅಂಥ ಗಟ್ಟಿ ಪುರಾವೆ ಇನ್ನೂ ಇಲ್ಲ. ರಕ್ತ ಕಡಿಮೆಯಾಗಿಯೋ ಥೈರಾಯ್ಡ್‌ನಿಂದಲೋ ಕೂದಲು ಹೋಗುತ್ತಿದ್ದರೆ ಗೊಂಪು ಏನು ಮಾಡೀತು? ಡಾಕ್ಟರ ಹತ್ತಿರ ಹೋಗಿ.

ಹೂವಿನ ತಂಬುಳಿ ಬೇಸಿಗೆಯಲ್ಲಿ ನಮಗೆ ಬೇಕೇ ಬೇಕು. ಹಸಿರು ತೊಟ್ಟು, ನಡುವಿನ ಕೇಸರದ ದಂಟು ತೆಗೆದು, ಎಸಳನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ಆಯ್ತು. "ಹೊಟ್ಟೆಗೆ ತಂಪು ಕಣೇ, ಇನ್ನೊಂದು ಸೌಟು ಹಾಕು" ಎನ್ನುತ್ತಾರೆ ನಮ್ಮತ್ತೆ.

ಚಹಾದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪ್ಯಾಕೆಟ್‌ನಲ್ಲಿ ಸಿಗುವ ಹುಳಿ ಹುಳಿ ಕೆಂಪು 'ಹೈಬಿಸ್ಕಸ್ ಟೀ' ಸಾಮಾನ್ಯವಾಗಿ ಈ ಗಿಡದ್ದಲ್ಲ. ಅದು ಪುಂಡಿ ಜಾತಿಯ ಗಿಡದ್ದು, ಹೂವಿನ ಬುಡದ ಕೆಂಪು ದಪ್ಪ ಪುಷ್ಪಪಾತ್ರೆಯನ್ನು ಒಣಗಿಸಿ ಮಾಡುತ್ತಾರೆ. ಬಿಪಿ ಸ್ವಲ್ಪ ಇಳಿಯುತ್ತದೆ ಎಂದು ಅಧ್ಯಯನಗಳಲ್ಲಿ ಕಂಡದ್ದು ಆ ಚಹಾದಲ್ಲಿ. ಬಾಲ್ಕನಿಯ ದಾಸವಾಳ ಕುದಿಸಿ ಕುಡಿದು ಬಿಪಿ ಮಾತ್ರೆ ಬಿಡುವವರನ್ನು ಕಂಡರೆ ನನಗೆ ಭಯವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆ ತೆಗೆದುಕೊಳ್ಳುವವರು ಪ್ಯಾಕೆಟ್ ಚಹಾ ಶುರು ಮಾಡುವ ಮೊದಲೂ ಡಾಕ್ಟರನ್ನು ಕೇಳಿ. ಬಸುರಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಎರಡನ್ನೂ ಕುಡಿಯದಿರುವುದು ಒಳ್ಳೆಯದು.

ಇನ್ನು ಹಿಟ್ಟು ತಿಗಣೆ. ಸೆಖೆ ಏರುತ್ತಿದ್ದ ಹಾಗೆ ಚಿಗುರಿನ ಸಂದಿಯಲ್ಲಿ ಬಿಳಿ ಹತ್ತಿಯ ಹಾಗೆ ಕೂರುತ್ತದೆ, ಮೊಗ್ಗು ಅರಳದೆ ಉದುರುತ್ತದೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಆಗಲೇ ಹುಡುಕಿ. ತಿಗಣೆ ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಅದಕ್ಕೆ ಕಾವಲೂ ಕಾಯುತ್ತದೆ. ನಾನು ಜೋರು ನೀರು ಬಿಟ್ಟು ತೊಳೆದು, ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸುತ್ತೇನೆ. ವಾರ ಬಿಟ್ಟು ಮತ್ತೆ ಮಾಡಬೇಕು. ಸಿಂಪಡಿಸಿದ ಎಲೆ, ಹೂವನ್ನು ಕೆಲವು ದಿನ ಬಳಸುವುದಿಲ್ಲ.

ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕು. ನೆರಳಲ್ಲಿ ಎಲೆ ಬರುತ್ತದೆ, ಹೂವು ಕಡಿಮೆ. ಹೂವು ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಕತ್ತರಿಸಲು ಹಿಂಜರಿಯಬೇಡಿ. ಕತ್ತರಿಸಿದ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಜೂನ್ ಮಳೆ ಹಿಡಿದ ಮೇಲೆ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಪಕ್ಕದ ಮನೆಯಲ್ಲಿ ನಾಟಿ ದಾಸವಾಳ ಇದ್ದರೆ ನರ್ಸರಿಗೆ ಹೋಗುವುದೇ ಬೇಡ, ಒಂದು ಕಡ್ಡಿ ಕೇಳಿ ತನ್ನಿ.